ಕಾಫಿ ತೋಟದ ಹಸಿರು, ಬೇಲೂರಿನ ಕಲ್ಲು: ಸೋನಿ ಎಫ್‌ಎಕ್ಸ್30 ಕ್ಯಾಮೆರಾ ವಿಮರ್ಶೆ

ಚಿಕ್ಕಮಗಳೂರು, ಹಾಸನದ ಕಡೆ ಮದುವೆ ವಿಡಿಯೊ, ಕಿರುಚಿತ್ರ, ಹೋಮ್‌ಸ್ಟೇ ಜಾಹೀರಾತು ಮಾಡುವವರಲ್ಲಿ ಕ್ಯಾನನ್ ಪಕ್ಷ, ಸೋನಿ ಪಕ್ಷ ಎಂದು ಎರಡಿವೆ. ಮುಖದ ಬಣ್ಣ ಕ್ಯಾನನ್‌ನಲ್ಲಿ ಮಾತ್ರ ಸರಿಯಾಗಿ ಬರುತ್ತದೆ, ಸೋನಿಯಲ್ಲಿ ಚರ್ಮ ಹಸಿರು ಹಳದಿಗೆ ತಿರುಗುತ್ತದೆ ಎಂಬುದು ಮೊದಲ ಪಕ್ಷದ ಹಳೆಯ ವಾದ. 2008ರಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ 2 ಹಿಡಿದು ವಿಡಿಯೊ ಕಲಿತ ನನಗೂ ಆ ಕಡೆಗೇ ಒಲವಿತ್ತು. ಹಾಗಾಗಿ 2022ರಲ್ಲಿ ಮಾರುಕಟ್ಟೆಗೆ ಬಂದ ಎಫ್‌ಎಕ್ಸ್30 ಕ್ಯಾಮೆರಾವನ್ನು ಇಲ್ಲಿ ಮುಖ್ಯವಾಗಿ ಬಣ್ಣದ ದೃಷ್ಟಿಯಿಂದಲೇ ನೋಡಿದ್ದೇನೆ.

ಮೇಲಿನ ವಾದಕ್ಕೆ ಕಾಫಿ ತೋಟಕ್ಕಿಂತ ಕಠಿಣವಾದ ಪರೀಕ್ಷೆ ಬೇರೆ ಬೇಕಿಲ್ಲ. ಸಿಲ್ವರ್ ಓಕ್ ಮತ್ತು ಹಲಸಿನ ನೆರಳಿನಿಂದ ಸೋಸಿ ಬರುವ ಬೆಳಕು ಕಾಫಿ ಎಲೆಗಳ ಮೇಲೆ ಬಿದ್ದು ಮತ್ತೆ ಮೇಲಕ್ಕೆ ಚಿಮ್ಮುವುದರಿಂದ, ಹಣ್ಣು ಕೊಯ್ಯುತ್ತಿರುವವರ ಗಲ್ಲದ ಕೆಳಗೆ, ಕುತ್ತಿಗೆಯ ಮೇಲೆ ನಿಜವಾಗಿಯೂ ಹಸಿರು ಛಾಯೆ ಇರುತ್ತದೆ. ಅದು ಕ್ಯಾನನ್‌ನಲ್ಲೂ ಬರುತ್ತದೆ, ಸೋನಿಯಲ್ಲೂ ಬರುತ್ತದೆ. ಬೆಳಕು ಬದಲಾದರೂ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ವೈಟ್ ಬ್ಯಾಲೆನ್ಸನ್ನು ಆಟೊಗೆ ಬಿಟ್ಟರೆ ಒಂದೇ ಶಾಟ್‌ನೊಳಗೆ ಬಣ್ಣ ಅತ್ತಿತ್ತ ಓಡಾಡುತ್ತದೆ. ಬೆಳಕಿನ ಬಣ್ಣವನ್ನು ಸೂಚಿಸುವ ಕೆಲ್ವಿನ್ ಮೌಲ್ಯವನ್ನು ಕೈಯಿಂದಲೇ ನಿಗದಿ ಮಾಡಿ, ಕ್ಯಾಮೆರಾ ಕಣ್ಣಿಗೆ ಬೀಳದ ಕಡೆಯಲ್ಲಿ ನೆಲಕ್ಕೊಂದು ಕಪ್ಪು ಬಟ್ಟೆ ಹಾಸಿದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಉಳಿದರ್ಧವನ್ನು ಗ್ರೇಡಿಂಗ್‌ನಲ್ಲಿ, ಅಂದರೆ ಚಿತ್ರೀಕರಣದ ನಂತರ ಕಂಪ್ಯೂಟರಿನಲ್ಲಿ ಬಣ್ಣ ಹದಗೊಳಿಸುವಾಗ, ಎಲೆಯ ಹಸಿರನ್ನು ಮುಟ್ಟದೆ ಚರ್ಮದ ಭಾಗವನ್ನಷ್ಟೇ ಆಯ್ದು ತಿದ್ದಬೇಕು.

ಈ ತಿದ್ದುವಿಕೆಗೆ ಎಷ್ಟು ಅವಕಾಶವಿದೆ ಎಂಬುದರಲ್ಲೇ ಎಫ್‌ಎಕ್ಸ್30 ತನ್ನ ಯೋಗ್ಯತೆ ತೋರಿಸುತ್ತದೆ. 8 ಬಿಟ್ ವಿಡಿಯೊದಲ್ಲಿ ಪ್ರತಿ ಮೂಲವರ್ಣಕ್ಕೆ 256 ಹಂತಗಳಿದ್ದರೆ, ಇದು ಒಳಗಿನ ಕಾರ್ಡಿಗೇ ಬರೆದುಕೊಳ್ಳುವ 10 ಬಿಟ್ 4:2:2 (ಬಣ್ಣದ ವಿವರವನ್ನು ಹೆಚ್ಚು ಉಳಿಸಿಕೊಳ್ಳುವ ಬಗೆ) ವಿಡಿಯೊದಲ್ಲಿ 1,024 ಹಂತಗಳಿರುತ್ತವೆ. ಮುಳ್ಳಯ್ಯನಗಿರಿಯ ಮೇಲೆ ಮಂಜು ಬಿಳಿಯಿಂದ ಬೂದಿಗೆ ಜಾರುವ ಜಾಗದಲ್ಲಿ 8 ಬಿಟ್ ಚಿತ್ರವನ್ನು ಸ್ವಲ್ಪ ಎಳೆದಾಡಿದರೆ ಪಟ್ಟೆಪಟ್ಟೆ ಏಳುತ್ತದೆ, ಇದರಲ್ಲಿ ಏಳುವುದಿಲ್ಲ. ಮಾಮೂಲಿ ಪ್ರೊಫೈಲ್‌ನಲ್ಲಿ (ಕ್ಯಾಮೆರಾದೊಳಗಿನ ಬಣ್ಣದ ಹೊಂದಿಕೆ) ಬರೀ ಕೆಂಪು ಚುಕ್ಕೆಗಳಂತೆ ಕಾಣುವ ಕಾಫಿ ಹಣ್ಣಿನ ಗೊಂಚಲು, ಬೆಳಕು ನೆರಳಿನ ವಿವರವನ್ನು ಗ್ರೇಡಿಂಗ್‌ಗೆಂದೇ ಉಳಿಸಿಡುವ ಎಸ್-ಲಾಗ್3 ಪ್ರೊಫೈಲ್‌ನಲ್ಲಿ ತೆಗೆದಾಗ ತನ್ನ ದುಂಡುತನವನ್ನೂ, ಇನ್ನೂ ಹಣ್ಣಾಗದ ಒಂದೆರಡು ಕಾಯಿಗಳ ಕಿತ್ತಳೆ ಛಾಯೆಯನ್ನೂ ಉಳಿಸಿಕೊಂಡಿತ್ತು. ಗ್ರೇಡಿಂಗ್‌ಗೆ ಪುರುಸೊತ್ತಿಲ್ಲದ ಕೆಲಸಕ್ಕೆ ಎಸ್-ಸಿನೆಟೋನ್ ಇದೆ. ಸೋನಿಯ ದೊಡ್ಡ ಸಿನಿಮಾ ಕ್ಯಾಮೆರಾ ವೆನಿಸ್‌ನ ಬಣ್ಣದ ಹದವನ್ನು ಅನುಸರಿಸಿ ರೂಪಿಸಿದ ಈ ಪ್ರೊಫೈಲ್‌ನಲ್ಲಿ ನಮ್ಮ ಕಡೆಯ ಗೋಧಿಬಣ್ಣ, ಎಣ್ಣೆಗೆಂಪು ಮುಖಗಳು ಹಳೆಯ ದೂರಿಗೆ ಆಸ್ಪದವಿಲ್ಲದಂತೆ ಮೂಡುತ್ತವೆ.

ಬೇಲೂರಿನ ಬಳಪದ ಕಲ್ಲು ಇನ್ನೊಂದು ಬಗೆಯ ಸವಾಲು. (ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ, 1964ರ ‘ಅಮರಶಿಲ್ಪಿ ಜಕಣಾಚಾರಿ’, ಈ ಕಲ್ಲಿನೊಂದಿಗೆ ಹೆಸರು ಬೆಸೆದುಕೊಂಡ ಶಿಲ್ಪಿಯದೇ ಕಥೆ.) ಹಸಿರು ಬೆರೆತ ಆ ಬೂದುಬಣ್ಣ ಮೋಡದ ದಿನ ನೀಲಿಗೆ ವಾಲುತ್ತದೆ, ಅದನ್ನು ಬೆಚ್ಚಗೆ ಮಾಡಲು ಹೋದರೆ ಕಲ್ಲು ಮರಳುಗಲ್ಲಿನಂತೆ ಕಾಣತೊಡಗುತ್ತದೆ. ಇಲ್ಲಿ ಯಾವ ಕಂಪನಿಯ ಬಣ್ಣವೂ ನೆರವಿಗೆ ಬರುವುದಿಲ್ಲ, ಕಲ್ಲು ಹೇಗಿತ್ತೆಂದು ನೆನಪಿಟ್ಟುಕೊಂಡ ಕಣ್ಣೇ ಬೇಕು.

ಹಾಗಾದರೆ ಬ್ರ್ಯಾಂಡ್ ನಿಷ್ಠೆಗೆ ಅರ್ಥವಿಲ್ಲವೇ? ಇದೆ, ಆದರೆ ಅದರ ಬೇರು ಬಣ್ಣದಲ್ಲಿಲ್ಲ, ಲೆನ್ಸಿನಲ್ಲಿದೆ. ಮುಹೂರ್ತದ ಹಿಂದಿನ ರಾತ್ರಿ ಲೆನ್ಸ್ ಕೈಕೊಟ್ಟರೆ ಹಾಸನದಲ್ಲಿ ಯಾವ ಸ್ನೇಹಿತರ ಸ್ಟುಡಿಯೊ ಬಾಗಿಲು ತಟ್ಟಬಹುದು, ಅವರ ಬ್ಯಾಟರಿ, ಚಾರ್ಜರ್ ನಮ್ಮದಕ್ಕೆ ಹೊಂದುತ್ತವೆಯೇ ಎಂಬುದೇ ಪಕ್ಷವನ್ನು ನಿರ್ಧರಿಸುತ್ತದೆ. ಅಡಾಪ್ಟರ್ ಮೂಲಕ ಕ್ಯಾನನ್‌ನ ಹಳೆಯ ಲೆನ್ಸ್‌ಗಳನ್ನು ಇದಕ್ಕೆ ಹಾಕಬಹುದಾದರೂ ವಿಡಿಯೊ ಆಟೊಫೋಕಸ್ ಸೋನಿಯ ಸ್ವಂತ ಲೆನ್ಸಿನಷ್ಟು ನಂಬಿಕೆಗೆ ಅರ್ಹವಲ್ಲ.

ಕೊರತೆಗಳನ್ನೂ ಹೇಳಬೇಕು. ಮೆಕ್ಯಾನಿಕಲ್ ಶಟರ್ ಇಲ್ಲದ ಕಾರಣ ಫ್ಲ್ಯಾಶ್ ಬಳಸಲು ಬರುವುದಿಲ್ಲ. ಒಂದೇ ಕ್ಯಾಮೆರಾದಲ್ಲಿ ಮದುವೆಯ ಫೋಟೊ, ವಿಡಿಯೊ ಎರಡನ್ನೂ ಮುಗಿಸುವವರು ಇದರ ಆಸೆ ಬಿಡುವುದು ಲೇಸು. ವ್ಯೂಫೈಂಡರ್ ಇಲ್ಲ, ಬಿಸಿಲಿನಲ್ಲಿ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಕೂಡ ಒಳಗೇ ಇಲ್ಲ. ಎಸ್-ಲಾಗ್3ರಲ್ಲಿ ಇದರ ಮೂಲ ಐಎಸ್‌ಒ (ಚಿತ್ರ ಸ್ವಚ್ಛವಾಗಿ ಬರುವ ಬೆಳಕಿನ ಸಂವೇದನೆಯ ಮಟ್ಟ) 800 ಮತ್ತು 2,500. ಇದರ ಅಣ್ಣನಂತಿರುವ ಸೋನಿ ಎಫ್‌ಎಕ್ಸ್3 ಕ್ಯಾಮೆರಾದ ಎರಡನೆಯ ಮೂಲ ಐಎಸ್‌ಒ 12,800 ಆಗಿರುವುದರಿಂದ, ರಾತ್ರಿ ಬರೀ ದೀಪದ ಬೆಳಕಿನಲ್ಲಿ ಚಿತ್ರೀಕರಿಸುವವರು ಆ ಅಣ್ಣನನ್ನೇ ಬಾಡಿಗೆಗೆ ತರಬೇಕು.

ಸೋನಿ ಲೆನ್ಸ್ ಈಗಾಗಲೇ ಇದ್ದು, ಗ್ರೇಡಿಂಗ್ ಕಲಿಯುವ ತಾಳ್ಮೆಯೂ ಇರುವ ಕಿರುಚಿತ್ರಕಾರರಿಗೆ ಎಫ್‌ಎಕ್ಸ್30 ಯೋಗ್ಯವಾದ ಖರೀದಿ. ಮನೆ ತುಂಬ ಕ್ಯಾನನ್ ಲೆನ್ಸ್ ಇರುವವರು ಬಣ್ಣದ ಆಸೆಗಾಗಿ ಪಕ್ಷಾಂತರ ಮಾಡುವ ಬದಲು, ಅದೇ ಹಣದಲ್ಲಿ ಒಂದು ಒಳ್ಳೆಯ ಎನ್‌ಡಿ ಫಿಲ್ಟರ್ ಮತ್ತು ಬಣ್ಣ ನಂಬಬಹುದಾದ ಮಾನಿಟರ್ ಕೊಳ್ಳಬಹುದು.