ಹಡಗಿನಲ್ಲಿ ಮದುವೆ: ಹೊರಡುವ ದಿನವೋ, ನಡುನೀರಿನಲ್ಲೋ?

ಮೂರು ಹಡಗಿನ ಮದುವೆಗಳಲ್ಲಿ ನಾನೇ ನಿಂತು ಓಡಾಡಿದ್ದೇನೆ. ಮೊದಲನೆಯದು ಅಣ್ಣನ ಮಗಳದ್ದು. ಹಡಗು ಇನ್ನೂ ದಡದಲ್ಲಿರುವಾಗಲೇ, ಹೊರಡುವ ದಿನ ಮಧ್ಯಾಹ್ನ, ಒಳಗೆ ಧಾರೆ ಎರೆದೆವು. ಎರಡನೆಯದು ಗೆಳತಿಯ ಮಗನದ್ದು. ಹೊರಟ ಮೂರನೇ ದಿನ, ಸುತ್ತ ನೀರು, ಮದುವೆ ಮಾಡಿಸಿದ್ದು ಕ್ಯಾಪ್ಟನ್. ಮೂರನೆಯದು ನನ್ನ ಮಗಳದ್ದು. ಅದರಲ್ಲಿ ಅರ್ಧ ದಡ, ಅರ್ಧ ಹಡಗು.

ನಾವಿರುವುದು ಫ್ಲೋರಿಡಾದ ಆರ್ಲಾಂಡೋ ಹತ್ತಿರ. ಪ್ರವಾಸದ (ಕ್ರೂಸ್) ಹಡಗುಗಳು ಹೊರಡುವ ಬಂದರು ಪೋರ್ಟ್ ಕನಾವೆರಲ್ ನಮಗೆ ಒಂದು ಗಂಟೆ ದಾರಿ. ನಮ್ಮ ಕನ್ನಡದ ಮನೆಗಳ ಮಕ್ಕಳು ಈಗ ಇಂಥ ಮದುವೆ ಕೇಳುತ್ತಿದ್ದಾರೆ. ಅಪ್ಪ ಅಮ್ಮಂದಿರು ನನಗೆ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಮನೆಯ ಹಿರಿಯರು ಹಡಗಿನಲ್ಲಿ ಬರುತ್ತಾರಾ?

ನಮ್ಮ ಅಮ್ಮನಿಗೆ ಎಂಬತ್ತು ದಾಟಿದೆ. ನೀರೆಂದರೆ ಭಯ. ಏಳು ದಿನ ಹಡಗಿನಲ್ಲಿ ಇರು ಅಂದರೆ ಊಟ ಬಿಡುತ್ತಾರೆ. ಹೊರಡುವ ದಿನದ ಮದುವೆಯಲ್ಲಿ ಅವರು ಟಿಕೆಟ್ ತಗೊಳ್ಳಬೇಕಾಗಿಲ್ಲ. ಪ್ರಯಾಣ ಮಾಡದ ಅತಿಥಿ ಅಂತ ಪಟ್ಟಿಯಲ್ಲಿ ಹೆಸರು ಕೊಟ್ಟರೆ ಹಡಗಿಗೆ ಬಂದು, ಮದುವೆ ನೋಡಿ, ಊಟ ಮಾಡಿ, ಇಳಿದು ಮನೆಗೆ ಹೋಗಬಹುದು. ಅಣ್ಣನ ಮಗಳ ಮದುವೆಗೆ ಹಾಗೆ ಬಂದವರು 46 ಜನ. ನಡುನೀರಿನ ಮದುವೆಗೆ ಒಬ್ಬೊಬ್ಬರೂ ಟಿಕೆಟ್ ಕೊಂಡು, ವಾರ ರಜೆ ಹಾಕಿ ಬರಬೇಕು. ಗೆಳತಿಯ ಮಗನ ಮದುವೆಗೆ ಬಂದವರು ಒಟ್ಟು 14 ಜನ. ಹುಡುಗನ ಅಜ್ಜಿ ತಾತ ಇಬ್ಬರೂ ಬರಲಿಲ್ಲ. ಫೋಟೋಗಳು ಬಹಳ ಚೆನ್ನಾಗಿವೆ. ಆದರೆ ಆ ಎರಡು ಕುರ್ಚಿ ಖಾಲಿ ಇದ್ದದ್ದನ್ನು ಗೆಳತಿ ಇವತ್ತಿಗೂ ಹೇಳಿಕೊಳ್ಳುತ್ತಾಳೆ.

ಆ ಪಟ್ಟಿ ಮಾತ್ರ ಹುಷಾರು. ಗುರುತಿನ ಚೀಟಿಯಲ್ಲಿ ಇರುವ ಹೆಸರೇ ಪಟ್ಟಿಯಲ್ಲೂ ಇರಬೇಕು. ನಮ್ಮವರಿಗೆ ಇನಿಷಿಯಲ್ ಅಭ್ಯಾಸ, ಅಲ್ವಾ? ನಮ್ಮ ಚಿಕ್ಕಪ್ಪನ ಹೆಸರನ್ನು ನಾವು ಎರಡು ಇನಿಷಿಯಲ್ ಹಾಕಿ ಬರೆದುಕೊಟ್ಟಿದ್ದೆವು. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ತಂದೆ ಹೆಸರು ಪೂರ್ತಿ ಬಿಡಿಸಿ ಇತ್ತು. ರೇಷ್ಮೆ ಪಂಚೆ ಉಟ್ಟುಕೊಂಡು ಟರ್ಮಿನಲ್‌ನಲ್ಲಿ ನಲವತ್ತು ನಿಮಿಷ ನಿಂತರು. ಅವರು ಒಳಗೆ ಬರುವಷ್ಟರಲ್ಲಿ ಅಂತರಪಟ ಸರಿದಾಗಿತ್ತು. ತಪ್ಪು ನಮ್ಮದೇ. ಮಗಳ ಮದುವೆಗೆ ಎಲ್ಲರ ಪಾಸ್‌ಪೋರ್ಟ್ ಫೋಟೋ ತರಿಸಿಕೊಂಡು, ನೋಡಿ ನೋಡಿ ಬರೆದೆ.

ಹೊರಡುವ ದಿನದ ದೊಡ್ಡ ಕಷ್ಟ ಗಡಿಯಾರ. ಹಡಗು ಬೆಳಗಿನ ಜಾವ ಬಂದು ನಿಲ್ಲುತ್ತದೆ. ಹಳೇ ಪ್ರಯಾಣಿಕರು ಇಳಿಯುವಷ್ಟರಲ್ಲಿ ಒಂಬತ್ತೂವರೆ, ಹತ್ತು. ನಮ್ಮನ್ನು ಹತ್ತಿಸಿದ್ದು ಹನ್ನೊಂದಕ್ಕೆ. ಹಡಗು ಬಿಡುವುದು ನಾಲ್ಕಕ್ಕೆ. ಆದರೆ ನಿಮ್ಮ ಕೈಗೆ ಸಿಗುವುದು ಎರಡೂವರೆವರೆಗೆ ಮಾತ್ರ. ಯಾರು ಯಾರು ಹಡಗಿನಲ್ಲಿದ್ದಾರೆ ಎಂಬ ಕೊನೆಯ ಪಟ್ಟಿ, ಹೊರಡುವುದಕ್ಕೆ 60 ನಿಮಿಷ ಮುಂಚೆ ಅಮೆರಿಕದ ಗಡಿ ಅಧಿಕಾರಿಗಳಿಗೆ ಹೋಗಬೇಕು. ಸುರಕ್ಷತೆಯ ಡ್ರಿಲ್ಲೂ ಹೊರಡುವ ಹೊತ್ತಿಗೆ ಮುಗಿದಿರಬೇಕು. ಮೊದಲು ಅದಕ್ಕೆ 24 ಗಂಟೆ ಅವಕಾಶ ಇತ್ತು. 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಮಗುಚಿ 32 ಜನ ಸತ್ತರು. ಅವತ್ತೇ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿ ಆಯಿತು. ಅದಕ್ಕೇ ಅತಿಥಿಗಳನ್ನು ಇಳಿಸುವಾಗ ಯಾರೂ ಐದು ನಿಮಿಷ ಜಾಸ್ತಿ ಕೊಡುವುದಿಲ್ಲ. ಕೊಡಬಾರದು ಕೂಡ.

ಹಾಗಾದರೆ ಮುಹೂರ್ತ? ಇಲ್ಲಿ ನಮ್ಮ ಪುರೋಹಿತರು ಒಳ್ಳೇ ದಾರಿ ತೋರಿಸಿದರು. ಅಭಿಜಿನ್ ಮುಹೂರ್ತ ಸೂರ್ಯ ನೆತ್ತಿಗೆ ಬರುವ ಹೊತ್ತಿನ ಆಚೆ ಈಚೆ ಬರುತ್ತದೆ. ಪೋರ್ಟ್ ಕನಾವೆರಲ್‌ನಲ್ಲಿ ಫೆಬ್ರವರಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಹತ್ತಿರ ಹತ್ತಿರ 12 ಗಂಟೆ 36 ನಿಮಿಷಕ್ಕೆ. ಅಂದರೆ 12:15ರಿಂದ 1 ಗಂಟೆವರೆಗೆ ಮುಹೂರ್ತ. ಹಡಗಿನವರು ಕೊಡುವ ಹೊತ್ತೂ ಅದೇ. ಹೇಳಿ ಮಾಡಿಸಿದ ಹಾಗೆ ಕೂಡಿಬಂತು. ಒಂದು ಮಾತು ನೆನಪಿಡಿ. ಮಾರ್ಚ್ ಎರಡನೇ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಆಮೇಲೆ ಅದೇ ಮುಹೂರ್ತ ಎರಡು ಗಂಟೆ ಹತ್ತಿರಕ್ಕೆ ಜಾರುತ್ತದೆ. ಮಾಂಗಲ್ಯ ಕಟ್ಟುವಷ್ಟರಲ್ಲಿ ಊಟಕ್ಕೆ ಹೊತ್ತೇ ಉಳಿಯುವುದಿಲ್ಲ. ಚಳಿಗಾಲದಲ್ಲಿ ಇಟ್ಟುಕೊಳ್ಳಿ.

ನಡುನೀರಿನಲ್ಲಿ ಈ ಅವಸರ ಇಲ್ಲ. ಸಂಜೆ ಐದಕ್ಕೆ, ಸೂರ್ಯ ಇಳಿಯುವಾಗ, ನಿಧಾನಕ್ಕೆ ಮದುವೆ ಆಯಿತು. ಸೀರೆ ಉಡಿಸಲು ಇಡೀ ಮಧ್ಯಾಹ್ನ ಇತ್ತು. ಅದೊಂದು ಸುಖವನ್ನು ನಾನು ಒಪ್ಪುತ್ತೇನೆ. ಹೊರಡುವ ದಿನ ಹಾಗಲ್ಲ. ಪೋರ್ಟರ್‌ಗೆ ಕೊಟ್ಟ ಪೆಟ್ಟಿಗೆ ಕ್ಯಾಬಿನ್ ಬಾಗಿಲಿಗೆ ಬರುವುದೇ ಸಂಜೆಗೆ. ಅಣ್ಣನ ಮಗಳ ಮದುವೆಯಲ್ಲಿ ಬಾಸಿಂಗ, ವರನ ಶಲ್ಯ ಇದ್ದ ಪೆಟ್ಟಿಗೆಯನ್ನು ಯಾರೋ ಅವಸರದಲ್ಲಿ ಪೋರ್ಟರ್ ಕೈಗೆ ಕೊಟ್ಟುಬಿಟ್ಟರು. ಅದು ಬಂದಾಗ ಐದು ಗಂಟೆ. ನಮ್ಮ ಯಜಮಾನರ ಶಲ್ಯವನ್ನೇ ವರನಿಗೆ ಹೊದಿಸಿದೆವು. ಮದುವೆಯ ಸಾಮಾನು ಪೂರ್ತಿ ಕೈಯಲ್ಲೇ ಇರಲಿ. ಇಸ್ತ್ರಿ ಪೆಟ್ಟಿಗೆಯನ್ನು ಒಳಗೆ ಬಿಡುವುದಿಲ್ಲ. ಧಾರೆ ಸೀರೆಗೆ ಹಿಂದಿನ ರಾತ್ರಿಯೇ ಇಸ್ತ್ರಿ ಮಾಡಿ, ನೆರಿಗೆ ಹಿಡಿದು, ಪಿನ್ ಹಾಕಿ, ಹ್ಯಾಂಗರ್‌ನಲ್ಲಿ ತನ್ನಿ.

ಬೆಂಕಿಯ ವಿಷಯ ಎರಡು ಕಡೆಯೂ ಒಂದೇ. ಹೋಮ ಇಲ್ಲ, ದೀಪ ಇಲ್ಲ, ಕರ್ಪೂರ ಇಲ್ಲ. ಹಡಗಿನವರಿಗೆ ಬೆಂಕಿಯಷ್ಟು ಭಯ ಬೇರೆ ಇಲ್ಲ. ಅಕ್ಕಿ ಎರಚುವ ಹಾಗೂ ಇಲ್ಲ. ಅಕ್ಷತೆಯನ್ನು ಒಬ್ಬೊಬ್ಬರಾಗಿ ಬಂದು ತಲೆಯ ಮೇಲೆ ಇಟ್ಟೆವು. ತಟ್ಟೆ ಹಿಡಿದ ಹುಡುಗಿ ಬಿದ್ದ ಕಾಳುಗಳನ್ನು ಆಯ್ದಳು. ಧಾರೆ ಎರೆಯುವಾಗ ಇನ್ನೊಂದು ತೊಂದರೆ. ಕೆಳಗೆ ಕಾರ್ಪೆಟ್. ಅಣ್ಣ ಅತ್ತಿಗೆ ನೀರು ಬಿಡಲು ಚೊಂಬು ಎತ್ತಿದ್ದಾರೆ, ಮಗಳ ಕೈ ಅಳಿಯನ ಕೈಮೇಲೆ, ನಡುವೆ ತೆಂಗಿನಕಾಯಿ. ಹಡಗಿನ ಹುಡುಗಿಯೊಬ್ಬಳು ಸದ್ದಿಲ್ಲದೆ ಮಂಡಿಯೂರಿ ಕೂತು, ಊಟ ಬಡಿಸುವ ದೊಡ್ಡ ಸ್ಟೀಲ್ ತಟ್ಟೆಯನ್ನು ಕೈಗಳ ಕೆಳಗೆ ಹಿಡಿದಳು. ನೀರು ಟಣಟಣ ಅಂತ ಬಿತ್ತು. ಅವಳಿಗೆ ನಮ್ಮ ಶಾಸ್ತ್ರ ಗೊತ್ತಿರಲಿಲ್ಲ. ಆದರೂ ಮುಗಿಯುವವರೆಗೆ ಕದಲಲಿಲ್ಲ. ತೆಂಗಿನಕಾಯಿ, ವೀಳ್ಯದೆಲೆಗೆ ಮುಂಚೆಯೇ ಬರೆದು ಅನುಮತಿ ತಗೊಂಡಿದ್ದೆವು. ಮುಗಿದ ಮೇಲೆ ಇಳಿಯುವವರ ಕೈಯಲ್ಲಿ ವಾಪಸ್ ಕಳಿಸಿದೆವು.

ಸಪ್ತಪದಿಯನ್ನು ಏಳು ಅಕ್ಕಿ ಗುಡ್ಡೆಗಳ ಮೇಲೆ ಮಾಡಿಸಿದರು. ಆದರೆ ಅಗ್ನಿಸಾಕ್ಷಿ ಇಲ್ಲವಲ್ಲ ಅಂತ ಅಮ್ಮನ ಮುಖ ಸಣ್ಣದಾಯಿತು. ನನಗೂ ಅದು ಸರಿ ಅನ್ನಿಸಲಿಲ್ಲ. ಅದಕ್ಕೇ ಮಗಳ ಮದುವೆಯಲ್ಲಿ ಶನಿವಾರ ದೇವಸ್ಥಾನದಲ್ಲಿ ಧಾರೆ, ಹೋಮ, ಸಪ್ತಪದಿ ಎಲ್ಲ ಮುಗಿಸಿ, ಭಾನುವಾರ ಹಡಗಿನಲ್ಲಿ ಹಾರ ಬದಲಿಸಿ, ಕಾಗದಕ್ಕೆ ಸಹಿ ಹಾಕಿ, ಊಟ ಹಾಕಿದೆವು.

ಕಾಗದದಲ್ಲೂ ಹೊರಡುವ ದಿನವೇ ಸುಲಭ. ದಡಕ್ಕೆ ಕಟ್ಟಿ ನಿಲ್ಲಿಸಿದ ಹಡಗಿಗೆ ಫ್ಲೋರಿಡಾದ ಕಾನೂನೇ. ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ನಾವು ಮದುವೆಯ ಲೈಸೆನ್ಸಿಗೆ ಕೊಟ್ಟಿದ್ದು 86 ಡಾಲರ್. ಇಲ್ಲಿನ ನಿವಾಸಿಗಳಿಗೆ 3 ದಿನ ಕಾಯುವ ನಿಯಮ ಇದೆ. ಮದುವೆಯಾಗುವವರಿಗೆಂದೇ ಇರುವ ನಾಲ್ಕು ಗಂಟೆ ಅವಧಿಯ ಕೋರ್ಸ್ ಮಾಡಿದರೆ ಅದೂ ಇಲ್ಲ. ಹೊರಗಿನಿಂದ ಬಂದವರು ಕಾಯಬೇಕಾಗಿಲ್ಲ. ಲೈಸೆನ್ಸ್ 60 ದಿನ ನಡೆಯುತ್ತದೆ. ಸಹಿ ಆದ ಮೇಲೆ 10 ದಿನದೊಳಗೆ ಕ್ಲರ್ಕ್ ಕಚೇರಿಗೆ ಮುಟ್ಟಬೇಕು. ಅದನ್ನು ಹಡಗಿನಲ್ಲಿ ಒಯ್ಯಬೇಡಿ. ನಮ್ಮ ಪುರೋಹಿತರೇ ಇಳಿಯುವಾಗ ತಗೊಂಡು ಹೋಗಿ ಕೊಟ್ಟರು. ಇಂಡಿಯಾದಲ್ಲಿ ತೋರಿಸಲು ರಾಜ್ಯದ ರಾಜಧಾನಿ ಟಲ್ಲಹಾಸೀಯಿಂದ ಅಪೋಸ್ಟಿಲ್, ಅಂದರೆ ಬೇರೆ ದೇಶದಲ್ಲೂ ಒಪ್ಪುವ ಸರ್ಕಾರಿ ದೃಢೀಕರಣ, ಮಾಡಿಸಿದರೆ ಸಾಕು.

ನಡುನೀರಿನಲ್ಲಿ ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶದ ಕಾನೂನು. ಕ್ಯಾಪ್ಟನ್ ಅಂದ ಮಾತ್ರಕ್ಕೆ ಮದುವೆ ಮಾಡಿಸುವ ಅಧಿಕಾರ ಬರುವುದಿಲ್ಲ. ಕ್ಯೂನಾರ್ಡ್ ಕಂಪನಿ 2011ರಲ್ಲಿ ತನ್ನ ಹಡಗುಗಳ ನೋಂದಣಿಯನ್ನು ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಬರ್ಮುಡಾಕ್ಕೆ ಬದಲಿಸಿತು. ಸಮುದ್ರದಲ್ಲಿ ಮದುವೆ ಮಾಡಿಸಲು ಬ್ರಿಟನ್ ಕಾನೂನು ಬಿಡುತ್ತಿರಲಿಲ್ಲ ಎಂಬುದು ಅದಕ್ಕೆ ಒಂದು ಕಾರಣ. ಗೆಳತಿಯ ಮಗನದ್ದೂ ಬರ್ಮುಡಾ ಹಡಗೇ. ತಿಂಗಳುಗಟ್ಟಲೆ ಮುಂಚೆ ಕಾಗದ ಕಳಿಸಬೇಕಾಯಿತು.

ನಡುನೀರಿಗೆ ನಾನು ಪೂರ್ತಿ ಅಂಕ ಕೊಡುವುದು ಎರಡೇ ಜನಕ್ಕೆ: ಎರಡನೇ ಮದುವೆಯವರು, ಗದ್ದಲ ಬೇಡ ಅನ್ನುವವರು. ನಮ್ಮ ಹಾಗೆ ನೆಂಟರಿಷ್ಟರು ಇರುವ ಮನೆಗೆ ಹೊರಡುವ ದಿನವೇ ಸರಿ, ಹೋಮ ಹಿಂದಿನ ದಿನ ದಡದಲ್ಲಿ ಆಗಿದ್ದರೆ.

ಇನ್ನೊಂದು ಕಾರಣವೂ ಇದೆ. ಪೋರ್ಟ್ ಕನಾವೆರಲ್‌ನಲ್ಲಿ ಹಡಗು ಸಮುದ್ರ ಸೇರುವ ಕಾಲುವೆಯ ಪಕ್ಕದಲ್ಲೇ ಜೆಟ್ಟಿ ಪಾರ್ಕ್ ಇದೆ. ಹಡಗು ಅದನ್ನು ಬಲಕ್ಕೆ ಬಿಟ್ಟುಕೊಂಡು ಹೋಗುತ್ತದೆ. ಮದುಮಕ್ಕಳಿಗೆ ಬಲಗಡೆ ಡೆಕ್ಕಿನಲ್ಲಿ ನಿಲ್ಲಲು ಹೇಳಿಡಿ. ಮಗಳ ಮದುವೆಯಲ್ಲಿ ನಾನು ಹಡಗಿನಲ್ಲಿ ಹೋಗಲಿಲ್ಲ, ಅಮ್ಮನ ಜೊತೆ ಇಳಿದುಬಿಟ್ಟೆ. ಊಟ ಮುಗಿಸಿ ಎಲ್ಲರೂ ಕಾರಿನಲ್ಲಿ ಜೆಟ್ಟಿ ಪಾರ್ಕಿಗೆ ಬಂದೆವು. ನಾಲ್ಕೂ ಕಾಲಿಗೆ ಹಡಗು ಬಂತು. ಎಂಟನೇ ಮಹಡಿಯ ಕಂಬಿ ಹಿಡಿದು ನಿಂತಿದ್ದ ಮಗಳ ಕೆಂಪು ಸೀರೆ ಕಾಣಿಸಿತು. ಅಮ್ಮ ಸೆರಗಿನ ತುದಿ ಎತ್ತಿ ಬೀಸಿದರು. ಮಗಳು ಕೈ ಬೀಸುತ್ತಾ ಕಂಬಿಯ ಪಕ್ಕದಲ್ಲೇ ಹಿಂದೆ ಹಿಂದೆ ನಡೆದಳು, ಹಡಗಿನ ತುದಿ ಮುಟ್ಟುವವರೆಗೂ.