ಕಾರಿನ ಫೋಟೋ: ಓರೆಯಾಗಿ ನಿಂತು ತೆಗೆಯೋದೋ, ನೇರ ಪಕ್ಕದಿಂದಲೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮುಂದಿನ ಮೂಲೆಗೆ. ಹೆಡ್‌ಲೈಟ್ ಇರುವ ಮೂಲೆಯ ಎದುರು ಓರೆಯಾಗಿ ನಿಂತು, ಮಂಡಿಯೂರಿ, ಸ್ವಲ್ಪ ದೂರದಿಂದ ಜೂಮ್ ಮಾಡಿ ತೆಗೆಯುವ ಫೋಟೋ. ಗಾಡಿಯ ಮೂತಿಯೂ ಕಾಣುತ್ತದೆ, ಮೈಯೂ ಕಾಣುತ್ತದೆ. ಮಿಕ್ಕ ಆ್ಯಂಗಲ್‌ಗಳನ್ನೆಲ್ಲ ಪ್ರಯತ್ನಿಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಈ ಹುಚ್ಚು ಹತ್ತಿದ್ದು ನನ್ನ ಕಡುನೀಲಿ ಸ್ವಿಫ್ಟ್ ಮಾರಲು ಹೊರಟಾಗ. ಚಿಕ್ಕಮಗಳೂರಿನ ಬ್ರೋಕರ್ ಒಬ್ಬರು ಬಂದು, ಆಲ್ದೂರು ರಸ್ತೆಯ ತೋಟದ ಗೇಟಿನ ಹತ್ತಿರ ಕಾರು ನಿಲ್ಲಿಸಿ, ನೇರ ಪಕ್ಕದಿಂದ ನಾಲ್ಕೈದು ಫೋಟೋ ತೆಗೆದು ಜಾಹೀರಾತಿಗೆ ಹಾಕಿದರು. ಜಾಗವೇನೋ ಚೆನ್ನಾಗಿತ್ತು. ರಸ್ತೆಯ ಎರಡೂ ಕಡೆ ಸಿಲ್ವರ್ ಓಕ್ ಸಾಲು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಮಾರನೇ ದಿನದಿಂದ ಫೋನು ಬರತೊಡಗಿತು. ಹಾಸನದವರೊಬ್ಬರು ಮುಚ್ಚುಮರೆ ಇಲ್ಲದೆ ಕೇಳಿದರು: "ಸರ್, ಬೇಜಾರು ಮಾಡ್ಕೋಬೇಡಿ, ಎಡಗಡೆ ಎರಡೂ ಡೋರ್ ಟಿಂಕರಿಂಗ್ ಆಗಿದ್ಯಾ?"

ಆಗಿರಲಿಲ್ಲ. ಕಂಪನಿಯಿಂದ ಬಂದ ಪೇಂಟ್ ಹಾಗೇ ಇತ್ತು. ಫೋಟೋವನ್ನು ದೊಡ್ಡದು ಮಾಡಿ ನೋಡಿದಾಗ ವಿಷಯ ಗೊತ್ತಾಯಿತು. ರಸ್ತೆಯ ಆಚೆ ಬದಿಯ ಸಿಲ್ವರ್ ಓಕ್ ಕಾಂಡಗಳು ಡೋರಿನ ಮೇಲೆ ಬಿಳಿ ಪಟ್ಟೆಗಳಾಗಿ ಬಿದ್ದಿದ್ದವು. ಡೋರಿನ ಉಬ್ಬುಗೆರೆ ದಾಟುವ ಕಡೆ ಪ್ರತಿ ಪಟ್ಟೆಯೂ ಸೊಟ್ಟಗಾಗಿ ಮುಂದಕ್ಕೆ ಹೋಗಿತ್ತು. ನೋಡುವವರಿಗೆ ತಗಡು ಬಡಿದು, ಪುಟ್ಟಿ ಮೆತ್ತಿ, ಪೇಂಟ್ ಹೊಡೆದ ಹಾಗೇ ಕಾಣಬೇಕು. ಹಿಂದಿನ ಡೋರಿನ ಮಧ್ಯೆ ಬ್ರೋಕರ್ ಅವರ ಹಳದಿ ರೈನ್‌ಕೋಟ್ ಬೇರೆ.

ಪಕ್ಕದ ಆ್ಯಂಗಲ್‌ನ ದೊಡ್ಡ ತಲೆನೋವೇ ಇದು. ಕಾರಿನ ಮೈ ಒಂದು ಡೊಂಕು ಕನ್ನಡಿ. ಅದರಲ್ಲಿ ಬೀಳುವುದು ಕಾರಿನ ಹಿಂದಿರುವ ಗುಡ್ಡವಲ್ಲ, ಫೋಟೋ ತೆಗೆಯುವವನ ಬೆನ್ನ ಹಿಂದೆ ಏನಿದೆಯೋ ಅದು. ನಾವೆಲ್ಲ ಜಾಗ ಹುಡುಕುವಾಗ ಕಾರಿನ ಹಿಂದೆ ಏನು ಬರುತ್ತದೆ ಅಂತಷ್ಟೇ ನೋಡುತ್ತೇವೆ, ಅಲ್ವಾ? ಮಲೆನಾಡಿನಲ್ಲಿ ಬೆನ್ನ ಹಿಂದೆ ಮರ, ಬೇಲಿ, ಕರೆಂಟು ಕಂಬ ಇಲ್ಲದ ರಸ್ತೆ ಸಿಗುವುದೇ ಕಷ್ಟ. ಬಿಳಿ ಕಾರಿನಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಕಪ್ಪು, ಕಡುನೀಲಿ, ಕಡುಗೆಂಪು ಇದ್ದವರಿಗೆ ಮಾತ್ರ ಗ್ರಹಚಾರ.

ಇದಕ್ಕೆ ಮದ್ದು ಅಂತ ಪೋಲರೈಸರ್ ಫಿಲ್ಟರ್ ತಂದೆ, ಲೆನ್ಸ್ ಮುಂದೆ ಹಾಕಿ ತಿರುಗಿಸಿದರೆ ಹೊಳಪು ತಡೆಯುವ ಗಾಜು ಅದು. ಕ್ಯಾಮೆರಾ ಹಳೇ ಕೆನಾನ್ ಡಿಎಸ್‌ಎಲ್‌ಆರ್, ಅದರ ಜೊತೆಗೇ ಬಂದ 18-55 ಲೆನ್ಸ್ (18 ಅಂದರೆ ಅಗಲ ನೋಟದ ತುದಿ, 55 ಜೂಮ್ ತುದಿ). ಫಿಲ್ಟರ್ ಹಾಕಿ, ಅದೇ ಗೇಟಿನ ಹತ್ತಿರ ನೇರ ಪಕ್ಕದಿಂದ ನೋಡುತ್ತಾ ತಿರುಗಿಸಿದೆ, ತಿರುಗಿಸಿದೆ. ಪಟ್ಟೆಗಳು ಕದಲಲಿಲ್ಲ. ದುಡ್ಡು ದಂಡವಾಯಿತು ಅಂದುಕೊಳ್ಳುತ್ತಾ ಹೆಡ್‌ಲೈಟ್ ಕಡೆಗೆ ನಾಲ್ಕು ಹೆಜ್ಜೆ ಸರಿದು ಮತ್ತೆ ತಿರುಗಿಸಿದೆ. ಡೋರಿನ ಮೇಲಿನ ಪಟ್ಟೆಗಳು ಒಂದೊಂದಾಗಿ ಕರಗಿದವು. ಅಡಿಯಲ್ಲಿದ್ದ ನೀಲಿ ಬಣ್ಣ ಎದ್ದು ಬಂತು.

ಕಾರಣ ಸರಳ. ಪೇಂಟ್, ಗಾಜು ಇಂಥವುಗಳಿಂದ ಓರೆಯಾಗಿ ಹೊಮ್ಮುವ ಬೆಳಕಿನ ಅಲೆಗಳು ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಫಿಲ್ಟರ್ ತಡೆಯುವುದು ಅದನ್ನೇ. ನೇರ ಎದುರಿನಿಂದ ಸುಮಾರು 55 ಡಿಗ್ರಿ ಪಕ್ಕಕ್ಕೆ ಸರಿದಾಗ ಇದು ಅತಿ ಹೆಚ್ಚು ಕೆಲಸ ಮಾಡುತ್ತದೆ. ನೇರಾನೇರ ನಿಂತರೆ ಏನೂ ಇಲ್ಲ. ಅಂದರೆ, ಪ್ರತಿಬಿಂಬದ ಕಾಟ ಜಾಸ್ತಿ ಇರುವ ಪಕ್ಕದ ಆ್ಯಂಗಲ್‌ಗೆ ಫಿಲ್ಟರ್ ಸಹಾಯಕ್ಕೆ ಬರುವುದಿಲ್ಲ, ಮುಂದಿನ ಮೂಲೆಗೆ ಬರುತ್ತದೆ. ನನ್ನ ಮಟ್ಟಿಗೆ ತೀರ್ಪು ಅಲ್ಲೇ ಆಯಿತು.

ಫಿಲ್ಟರ್‌ಗೂ ಕಿರಿಕಿರಿಗಳಿವೆ. ಬಾನೆಟ್ ಮಲಗಿದೆ, ಡೋರ್ ನಿಂತಿದೆ. ಎರಡರಿಂದ ಬರುವ ಬೆಳಕು ಕಂಪಿಸುವ ದಿಕ್ಕು ಬೇರೆ ಬೇರೆ, ಹಾಗಾಗಿ ಒಂದರ ಹೊಳಪು ತೆಗೆದರೆ ಇನ್ನೊಂದರದ್ದು ಉಳಿಯುತ್ತದೆ. ನಾನು ಡೋರಿನ ಹೊಳಪನ್ನೇ ತೆಗೆಯುತ್ತೇನೆ, ಬಾನೆಟ್ ಮೇಲೆ ಸ್ವಲ್ಪ ಆಕಾಶ ಇದ್ದರೆ ಚೆಂದವೇ. ಪಕ್ಕದ ಗಾಜುಗಳಲ್ಲಿ ಒಮ್ಮೊಮ್ಮೆ ಬಣ್ಣಬಣ್ಣದ ಚುಕ್ಕೆ ಸಾಲು ಕಾಣುತ್ತದೆ. ಕಾಯಿಸಿ ಗಟ್ಟಿ ಮಾಡಿದ ಗಾಜಿನ ಗುಣ ಅದು, ಗಾಜು ಕೆಟ್ಟಿಲ್ಲ. ನನ್ನ ಲೆನ್ಸ್ ಹಳೇ ಮಾದರಿಯದು, ಫೋಕಸ್ ಆಗುವಾಗ ಅದರ ಮುಂದಿನ ಭಾಗವೇ ತಿರುಗುತ್ತದೆ. ಫಿಲ್ಟರ್ ಸರಿ ಹೊಂದಿಸಿ ಬಟನ್ ಅರ್ಧ ಒತ್ತಿದರೆ ಎಲ್ಲ ಹಾಳು. ಮೊದಲು ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ಹಾಕಿ, ಆಮೇಲೆ ಫಿಲ್ಟರ್ ತಿರುಗಿಸಬೇಕು.

ಹಾಗಂತ ಪಕ್ಕದ ಆ್ಯಂಗಲ್ ದಂಡ ಅಂತಲ್ಲ. ಬಯಲು ಬೇಕು, ಅಷ್ಟೇ. ಹಾಸನದಿಂದ ಗೊರೂರು ಕಡೆ ಹೋದರೆ ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಇದೆಯಲ್ಲ, ಮಳೆಗಾಲದಲ್ಲಿ ಮುಳುಗುವ ಹಳೇ ಚರ್ಚು, ಅಲ್ಲಿ ಬೇಸಿಗೆಯಲ್ಲಿ ನೀರು ಇಳಿದಾಗ ದಡ ಅಗಲವಾಗಿ ತೆರೆದುಕೊಳ್ಳುತ್ತದೆ. ಬೆಳಗ್ಗೆ ಬೇಗ ಹೋಗಿ, ನೀರಿಗೆ ಬೆನ್ನು ಹಾಕಿ ನಿಂತು ಪಕ್ಕದಿಂದ ತೆಗೆದೆ. ಹೆಡ್‌ಲೈಟಿನಿಂದ ಹಿಂದಿನ ದೀಪದವರೆಗೆ ಡೋರುಗಳ ಮೇಲೆ ಒಂದೇ ಒಂದು ಗೆರೆ. ಮೇಲೆ ತಿಳಿ ಆಕಾಶ, ಕೆಳಗೆ ಕಪ್ಪು ನೆಲ. ಆ ಫೋಟೋ ನೋಡಿದ ಯಾರೂ ಟಿಂಕರಿಂಗ್ ಬಗ್ಗೆ ಕೇಳುವುದಿಲ್ಲ. ಆದರೆ ಚರ್ಚು ಕಾರಿನ ಹಿಂದೆ ಬರಬೇಕು, ನೀರು ನನ್ನ ಹಿಂದೆ ಬರಬೇಕು, ಬಿಸಿಲು ಸರಿಯಾದ ಕಡೆಯಿಂದ ಬೀಳಬೇಕು ಅಂತ ಕೂತರೆ ಅರ್ಧ ದಿನ ಹೋಗುತ್ತದೆ. ಮೇಲಿಂದ ಗಟ್ಟಿ ಕಾಣುವ ನೆಲ ಒಳಗೆ ಕೆಸರು. ಸುಮ್ನೆ ನೀರಿನ ಅಂಚಿಗೆ ಗಾಡಿ ಇಳಿಸಬೇಡಿ.

ಮತ್ತೆ ನನ್ನ ಮೂಲೆಗೆ ಬರೋಣ. ಇದರಲ್ಲಿ ಕೆಡಿಸಿಕೊಳ್ಳುವ ದಾರಿ ಒಂದೇ: ಹತ್ತಿರ ಹೋಗಿ ತೆಗೆಯುವುದು. ಫೋನಿನ ಮಾಮೂಲಿ ಕ್ಯಾಮೆರಾ ಅಗಲ ನೋಟದ್ದು. ಹತ್ತಿರದ ಬಂಪರ್ ಊದಿಕೊಂಡು, ಹಿಂದಿನ ಚಕ್ರ ಆಟಿಕೆಯಷ್ಟಾಗುತ್ತದೆ. ಫೋನಿಗೆ ಸಿಕ್ಕಿಸುವ ಅಗಲ ಲೆನ್ಸ್ ಒಂದನ್ನೂ ಪೇಟೆಯಲ್ಲಿ ಕೊಂಡಿದ್ದೆ. ಅದರಲ್ಲಂತೂ ಸ್ವಿಫ್ಟ್ ಗುದ್ದಿಸಿಕೊಂಡು ಬಂದ ಗಾಡಿಯ ಹಾಗಿತ್ತು. ಫೋನಿನಲ್ಲಿ 2ಎಕ್ಸ್ ಇಟ್ಟುಕೊಂಡು ಹಿಂದೆ ಸರಿಯಿರಿ. ಕ್ಯಾಮೆರಾ ಆದರೆ 18 ಅಲ್ಲ, 55ರ ತುದಿ ಬಳಸಿ. ಗಾಡಿಯ ಅಳತೆ ನಿಜಕ್ಕೆ ಹತ್ತಿರ ಬರುತ್ತದೆ.

ಸ್ಟಿಯರಿಂಗ್ ಅನ್ನು ನಿಮ್ಮಿಂದ ಆಚೆಗೆ ತಿರುಗಿಸಿಡಿ, ಟೈರಿನ ಬದಲು ವೀಲ್ ಕಾಣುತ್ತದೆ. ಕ್ಯಾಮೆರಾ ಹೆಡ್‌ಲೈಟಿನ ಎತ್ತರಕ್ಕಿರಲಿ. ನಿಂತು ತೆಗೆದರೆ ರೂಫ್ ಜಾಸ್ತಿ ಕಂಡು ಗಾಡಿ ಕುಳ್ಳಗಾಗುತ್ತದೆ. ಮಳೆಗಾಲದಲ್ಲಿ ಮಂಡಿಯೂರಲು ನಾನು ಕಾಫಿಯ ಖಾಲಿ ಗೋಣಿಚೀಲ ಡಿಕ್ಕಿಯಲ್ಲಿ ಇಟ್ಟಿರುತ್ತೇನೆ. ರಕ್ತ ಹೀರುವ ಇಂಬಳಕ್ಕೆ ಮಾತ್ರ ಅದೂ ತಡೆಯಲ್ಲ.

ನೇರ ಮುಂದಿನಿಂದ ತೆಗೆದರೆ ಆಧಾರ್ ಕಾರ್ಡ್ ಫೋಟೋ ಥರ, ಗುರುತು ಸಿಗುತ್ತದೆ, ಅಷ್ಟೇ. ಹಿಂದಿನ ಮೂಲೆ ಸಂಜೆಗೆ ಚೆನ್ನ, ದೀಪ ಹಾಕಿಕೊಂಡು.

ಮೇಲಿನಿಂದ ತೆಗೆಯುವವರು ಸೀತಾಳಯ್ಯನಗಿರಿ ರಸ್ತೆಯ ತಿರುವುಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ಆ ಫೋಟೋದಲ್ಲಿ ಗುಡ್ಡ ಚೆನ್ನಾಗಿರುತ್ತದೆ, ಕಾರು ಎಲ್ಲಿದೆ ಅಂತ ಹುಡುಕಬೇಕು. ಹಿರೇಕೊಳಲೆ ಕೆರೆಯಲ್ಲಿ ಸಂಜೆ ಸೂರ್ಯ ಗುಡ್ಡದ ಕಡೆ ಇಳಿಯುವುದರಿಂದ, ಆ ಕಡೆ ಮುಖ ಮಾಡಿ ತೆಗೆದರೆ ಗಾಡಿ ಕಪ್ಪಗೆ ನೆರಳಾಗುತ್ತದೆ. ಅಲ್ಲಿಗೆ ಬೆಳಗ್ಗೆಯೇ ಹೋಗಿ.

ಓಡುವ ಗಾಡಿಯ ಜೊತೆ ಕ್ಯಾಮೆರಾ ತಿರುಗಿಸಿ ತೆಗೆಯುವುದು, ಶಟರ್ ವೇಗ 1/60 ಸೆಕೆಂಡ್ ಸುಮಾರಿಗೆ ಇಟ್ಟು, ನನಗೂ ಇಷ್ಟ. ಆದರೆ ಓಡಿಸಲು ಇನ್ನೊಬ್ಬರು ಬೇಕು. ನಾನು ಬೆಳಗ್ಗೆ ಒಬ್ಬನೇ ಹೋಗುವವನು.

ನಮ್ಮ ಭಾವ ಇದ್ಯಾವುದನ್ನೂ ಒಪ್ಪುವುದಿಲ್ಲ. ಅವರದ್ದು ಥಾರ್. "ನನ್ನ ಗಾಡಿಗೆ ಪಕ್ಕದಿಂದ್ಲೇ ಗತ್ತು ಕಣೋ, ನಿನ್ನ ಫಿಲ್ಟರ್ ನೀನೇ ಇಟ್ಕೋ" ಅನ್ನುತ್ತಾರೆ. ಅವರ ಮಟ್ಟಿಗೆ ಅದು ಸರಿ. ಪೆಟ್ಟಿಗೆಯಂಥ ಗಾಡಿ, ಮೈ ಚಪ್ಪಟೆ, ಮೇಲೆ ಸದಾ ತೋಟದ ಕೆಸರು, ಪ್ರತಿಬಿಂಬ ಬೀಳುವುದಾದರೂ ಎಲ್ಲಿ? ಹ್ಯಾಚ್‌ಬ್ಯಾಕ್, ಸೆಡಾನ್ ಇದ್ದವರು ಮಾತ್ರ ನನ್ನ ಮಾತು ಕೇಳಿ.

ಏನೇನು ಕೊಳ್ಳಬೇಕು ಅಂತ ಕೇಳುವವರಿಗೆ: ಫೋನು ಇದ್ದರೆ ಫಿಲ್ಟರ್ ಒಂದೇ ಸಾಕು. ಲೆನ್ಸ್ ಮುಂದೆ ಕೈಯಲ್ಲಿ ಹಿಡಿದು ತಿರುಗಿಸಿದರೂ ಕೆಲಸ ಮಾಡುತ್ತದೆ. 50 ಎಂಎಂ ಲೆನ್ಸ್ ತಗೋ ಅಂತ ಸ್ನೇಹಿತರು ಹೇಳುತ್ತಲೇ ಇದ್ದಾರೆ. ಹಗಲಲ್ಲಿ ಕಾರು ತೆಗೆಯಲು ನನ್ನ 55ರ ತುದಿಯೇ ಸಾಕಾಗುತ್ತದೆ, ಹಾಗಾಗಿ ಸದ್ಯಕ್ಕೆ ಅದನ್ನು ಕೊಳ್ಳುತ್ತಿಲ್ಲ.