ಆಯಿಂಗರ್ ಅಕ್ಟೋಬರ್ ಫೆಸ್ಟ್-ಮೆರ್ಟ್ಸೆನ್: ಮಾಲ್ಟ್ ತುಂಬಿದೆ, ಸಿಹಿ ಅಂಟುವುದಿಲ್ಲ

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಅಂಗಡಿಗಳಲ್ಲಿ, ಜರ್ಮನಿಯ ಮ್ಯೂನಿಕ್ ನಗರದ ಬಿಯರ್ ಹಬ್ಬದ ಹೆಸರಾದ ‘ಅಕ್ಟೋಬರ್‌ಫೆಸ್ಟ್’ ಎಂದು ಬರೆದ ಬಾಟಲಿಗಳ ಸಾಲೇ ನಿಲ್ಲುತ್ತದೆ. ಆ ಹೆಸರೊಂದನ್ನೇ ನಂಬಿ ಕೊಂಡರೆ ಒಳಗೆ ಏನಿರುತ್ತದೆ ಎಂದು ಹೇಳಲು ಬರುವುದಿಲ್ಲ. ಒಂದೇ ಹೆಸರಿನಲ್ಲಿ ಎರಡು ಬಗೆಯ ಬಿಯರ್ ಮಾರಾಟವಾಗುತ್ತಿವೆ: ಒಂದು ಒಣಹುಲ್ಲಿನ ಬಣ್ಣದ, ಸಲೀಸಾಗಿ ಇಳಿಯುವ ‘ಫೆಸ್ಟ್‌ಬಿಯರ್’, ಇನ್ನೊಂದು ತಾಮ್ರದ ಬಣ್ಣದ, ಹುರಿದ ಧಾನ್ಯದ ಘಮವಿರುವ ‘ಮೆರ್ಟ್ಸೆನ್’. ಪೌಲಾನರ್ ಕಂಪನಿಯೇ ಎರಡನ್ನೂ ಮಾಡುತ್ತದೆ. ‘ಅಕ್ಟೋಬರ್‌ಫೆಸ್ಟ್ ಮೆರ್ಟ್ಸೆನ್’ ಶೇ. 5.8 ಆಲ್ಕೋಹಾಲಿನ, ಕೆಂಪು ಛಾಯೆಯದು. ‘ಅಕ್ಟೋಬರ್‌ಫೆಸ್ಟ್ ಬಿಯರ್’ ಶೇ. 6, ಹೊನ್ನಿನ ಬಣ್ಣದ್ದು. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ರುಚಿ ಬೇಕಿದ್ದವರು ಲೇಬಲ್ಲಿನಲ್ಲಿ ಹುಡುಕಬೇಕಾದ ಪದ ಮೆರ್ಟ್ಸೆನ್.

ಇಲ್ಲಿ ರುಚಿ ನೋಡುತ್ತಿರುವುದು ಆಯಿಂಗರ್ ಬ್ರುವರಿಯ ಅಕ್ಟೋಬರ್ ಫೆಸ್ಟ್-ಮೆರ್ಟ್ಸೆನ್. ಆಲ್ಕೋಹಾಲ್ ಶೇ. 5.8, ಕಂದು ಬಾಟಲಿ, 500 ಮಿಲಿ. ಮ್ಯೂನಿಕ್‌ನಿಂದ ಆಗ್ನೇಯಕ್ಕೆ ಸುಮಾರು 25 ಕಿಲೋಮೀಟರ್ ದೂರದ ಆಯಿಂಗ್ ಎಂಬ ಊರಿನದು. ಅಕ್ಟೋಬರ್‌ಫೆಸ್ಟ್ ಮೈದಾನದಲ್ಲಿ ಬಿಯರ್ ಮಾರಲು ಅವಕಾಶವಿರುವುದು ಮ್ಯೂನಿಕ್ ನಗರದ ಆರೇ ಬ್ರುವರಿಗಳಿಗೆ: ಆಗಸ್ಟಿನರ್, ಹಾಕರ್-ಪ್ಶೋರ್, ಹೋಫ್‌ಬ್ರಾಯ್, ಲೋವೆನ್‌ಬ್ರಾಯ್, ಪೌಲಾನರ್, ಸ್ಪಾಟೆನ್. ಹೀಗಾಗಿ ಆಯಿಂಗರ್‌ಗೆ ಹಬ್ಬದ ಡೇರೆಯೊಳಗೆ ಜಾಗವಿಲ್ಲ. ತಮಾಷೆಯೆಂದರೆ 1990ರಿಂದೀಚೆಗೆ ಡೇರೆಯೊಳಗೆ ಸಿಗುವುದು ಬಹುಪಾಲು ತಿಳಿ ಬಣ್ಣದ ಫೆಸ್ಟ್‌ಬಿಯರ್. ಹಬ್ಬದ ಹಳೆಯ ರುಚಿ ಹಬ್ಬದ ಬೇಲಿಯಾಚೆ ಉಳಿದುಕೊಂಡಿದೆ.

ಹೆಸರಿನ ಹಿಂದೆ ಒಂದು ಕಾನೂನಿದೆ. ಬೇಸಿಗೆಯಲ್ಲಿ ಮಾಡಿದ ಬಿಯರ್ ಹುಳಿಯುತ್ತಿತ್ತೆಂದು 1553ರಲ್ಲಿ ಮ್ಯೂನಿಕ್ ಇರುವ ಬವೇರಿಯ ಪ್ರಾಂತ್ಯದಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಮಾಡುವುದನ್ನು ನಿಷೇಧಿಸಿದರು. ಮಾರ್ಚ್ ತಿಂಗಳ ಕಡೆಯ ಸರದಿಯನ್ನು ತುಸು ಗಟ್ಟಿಯಾಗಿ ಮಾಡಿ, ತಣ್ಣನೆ ನೆಲಮಾಳಿಗೆಯಲ್ಲಿ ಇಟ್ಟು, ಬೇಸಿಗೆ ಪೂರ್ತಿ ಅದರಲ್ಲೇ ಕಳೆಯಬೇಕಿತ್ತು. ಮಾರ್ಚಿನ ಬಿಯರ್ ಆದ್ದರಿಂದ ಮೆರ್ಟ್ಸೆನ್. ಈಗಿನ ತಾಮ್ರದ ರೂಪ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1872ರಲ್ಲಿ ಅದು ಹಬ್ಬದ ಮೈದಾನಕ್ಕೂ ಕಾಲಿಟ್ಟಿತು. ಹಬ್ಬದ ಹೆಸರು ಅಕ್ಟೋಬರ್, ಶುರುವಾಗುವುದು ಸೆಪ್ಟೆಂಬರಿನಲ್ಲಿ, ಬಿಯರಿನ ಹೆಸರು ಮಾರ್ಚ್. ಜರ್ಮನರ ಶಿಸ್ತಿನ ಬಗ್ಗೆ ಕೇಳಿದವರಿಗೆ ಇದೊಂದು ಸಮಾಧಾನ.

ಬಾಟಲಿ ಆರಿಸುವಾಗ ಮೊದಲು ತಾರೀಖು ನೋಡಬೇಕು. ಜರ್ಮನ್ ಬಾಟಲಿಯ ಮೇಲಿರುವುದು ಸಾಮಾನ್ಯವಾಗಿ ತಯಾರಾದ ದಿನವಲ್ಲ, ‘ಇಷ್ಟರವರೆಗೆ ಚೆನ್ನಾಗಿರುತ್ತದೆ’ ಎಂಬ ದಿನ. ಬರೆಯುವ ಕ್ರಮ ನಮ್ಮಂತೆಯೇ ದಿನ, ತಿಂಗಳು, ವರ್ಷ. ಅಮೆರಿಕದಲ್ಲಿರುವವರು ಇಲ್ಲಿ ಎಡವುತ್ತಾರೆ: 05.03 ಎಂದಿದ್ದರೆ ಅದು ಮಾರ್ಚ್ 5, ಮೇ 3 ಅಲ್ಲ. ಕಳೆದ ವರ್ಷದ ಸ್ಟಾಕ್ ರಿಯಾಯಿತಿ ದರದಲ್ಲಿ ಸಿಕ್ಕರೆ ಬಿಟ್ಟುಬಿಡಿ. ಕಡಿಮೆ ಹಾಪ್ಸ್ (ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹೂವು) ಇರುವ, ಮಾಲ್ಟನ್ನೇ ನೆಚ್ಚಿಕೊಂಡ ಬಿಯರಿನಲ್ಲಿ ಹಳಸಲನ್ನು ಮುಚ್ಚಿಡಲು ಬೇರೆ ಯಾವ ವಾಸನೆಯೂ ಇರುವುದಿಲ್ಲ. ಶೆಲ್ಫಿನ ಮುಂದಿನ ಸಾಲಿನಲ್ಲಿ ಟ್ಯೂಬ್‌ಲೈಟಿಗೆ ಮೈಯೊಡ್ಡಿ ನಿಂತ ಬಾಟಲಿಗಿಂತ ರಟ್ಟಿನ ಪೆಟ್ಟಿಗೆಯೊಳಗಿನದು ವಾಸಿ. ಬೆಳಕು ತಾಗಿದರೆ ಹಾಪ್ಸಿನ ಕಹಿ ಅಂಶ ಒಡೆದು ಗಂಧಕದ ಸಂಯುಕ್ತವೊಂದು ಹುಟ್ಟುತ್ತದೆ. ಮೂಗಿಗೆ ಬರುವುದು ಸ್ಕಂಕ್ ಎಂಬ ಪ್ರಾಣಿ ಚಿಮ್ಮಿಸುವ ದ್ರವವನ್ನು ನೆನಪಿಸುವ ದುರ್ವಾಸನೆ. ಕಂದು ಗಾಜು ಇದನ್ನು ಬಹುಪಾಲು ತಡೆಯುತ್ತದೆ. ಹಸಿರು ಗಾಜು ನೋಡಲು ಚೆಂದ, ಅಷ್ಟೇ.

ನಮ್ಮಲ್ಲಿ ಬಿಯರ್ ಎಂದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕು. ಆ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಎರಡು-ಮೂರು ಡಿಗ್ರಿಯಲ್ಲಿ ಕುಡಿದರೆ ಈ ಬಿಯರ್ ಬಣ್ಣ ಹಾಕಿದ ಸಾದಾ ಲಾಗರಿನಂತೆ (ತಣ್ಣಗೆ ಹುದುಗಿಸಿ ಮಾಗಿಸುವ ಬಿಯರ್) ಇರುತ್ತದೆ. ದುಡ್ಡು ಕೊಟ್ಟದ್ದು ಯಾವುದಕ್ಕೋ ಅದು ಬಾಯಿಗೆ ಬರುವುದೇ ಇಲ್ಲ. 8ರಿಂದ 10 ಡಿಗ್ರಿ ಸೆಲ್ಸಿಯಸ್ ಸರಿಯಾದ ಹದ. ಫ್ರಿಜ್ಜಿನಿಂದ ತೆಗೆದು 15–20 ನಿಮಿಷ ಹೊರಗಿಡಿ. ಗ್ಲಾಸನ್ನು ಫ್ರೀಜರಿನಲ್ಲಿ ಇಡಬೇಡಿ: ಒಳಗೆ ಹೆಪ್ಪುಗಟ್ಟಿದ ನೀರು ಬಿಯರನ್ನು ತೆಳುವಾಗಿಸುವುದಲ್ಲದೆ ನೊರೆಯನ್ನೂ ಕೆಡಿಸುತ್ತದೆ.

ಗ್ಲಾಸು ಎಷ್ಟು ಸ್ವಚ್ಛವಾಗಿದೆ ಎಂಬುದನ್ನು ಬಿಯರೇ ಹೇಳುತ್ತದೆ. ಸುರಿದ ಮೇಲೆ ಒಳಗೋಡೆಗೆ ಅಲ್ಲಲ್ಲಿ ಗುಳ್ಳೆಗಳು ಅಂಟಿಕೊಂಡು ನಿಂತರೆ ಅಲ್ಲಿ ಜಿಡ್ಡು ಅಥವಾ ಸೋಪಿನ ಪದರವಿದೆ ಎಂದೇ ಅರ್ಥ. ಪಾತ್ರೆ ತೊಳೆಯುವ ಸ್ಕ್ರಬ್ಬರಿನಲ್ಲಿ ತೊಳೆದ ಗ್ಲಾಸಿನಲ್ಲಿ ನೊರೆ ಅರ್ಧ ನಿಮಿಷದಲ್ಲಿ ಕುಸಿಯಲು ಇದೇ ಕಾರಣ. ಬೇರೆ ಸ್ಪಂಜಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸದೆ ಬೋರಲು ಹಾಕಿ ಒಣಗಿಸಿ, ಸುರಿಯುವ ಮುಂಚೆ ಒಮ್ಮೆ ತಣ್ಣೀರಿನಲ್ಲಿ ಜಾಲಾಡಿಸಿ. ಗ್ಲಾಸನ್ನು 45 ಡಿಗ್ರಿ ಓರೆ ಹಿಡಿದು ಮೂರನೇ ಎರಡು ಭಾಗ ತುಂಬಿಸಿ, ಆಮೇಲೆ ನೆಟ್ಟಗೆ ಹಿಡಿದು ನಡುವಿಗೇ ಸುರಿಯಿರಿ. ಎರಡು ಬೆರಳು ನೊರೆ ಬೇಕೇ ಬೇಕು. ನೊರೆ ಎಂದರೆ ಅಂಗಡಿಯವನ ಮೋಸ ಎಂದು ಭಾವಿಸುವವರಿದ್ದಾರೆ. ಆದರೆ ಘಮ ಮೇಲೇರಿ ಮೂಗಿಗೆ ಬರುವುದು ಆ ನೊರೆ ಒಡೆಯುವಾಗಲೇ. 500 ಮಿಲಿ ಬಾಟಲಿಗೆ ಅಷ್ಟೇ ಅಳತೆಯ ಗ್ಲಾಸು ಸಾಲದು, ಮೇಲೆ ಎರಡು ಬೆರಳು ಜಾಗ ಇರಬೇಕು.

ಇನ್ನು ಗ್ಲಾಸಿನೊಳಗಿನದು. ಬೆಳಕಿಗೆ ಹಿಡಿದರೆ ತುಡುವೆ ಜೇನಿನ ಬಣ್ಣ, ಅಂಚಿನಲ್ಲಿ ತಾಮ್ರ. ಕಲಕು ಸ್ವಲ್ಪವೂ ಇಲ್ಲ. ನೊರೆ ಬಿಳಿಗಿಂತ ಒಂದೆಳೆ ಕೆನೆಬಣ್ಣ. ಮೂಗಿಗೆ ಮೊದಲು ಬರುವುದು ಬೇಕರಿಯ ಬಾಗಿಲಿನ ಗಾಳಿ: ಬನ್ನಿನ ಕೆಂಪು ನೆತ್ತಿ, ಆಗತಾನೇ ಮುರಿದ ರಸ್ಕು. ಅದರ ಹಿಂದೆಯೇ ಹುರಿಹಿಟ್ಟನ್ನು ನೆನಪಿಸುವ ಬೆಚ್ಚನೆಯ ಘಮ. ಇನ್ನೂ ಹಿಂದೆ, ಹುಡುಕಿದರೆ ಮಾತ್ರ, ಹಾಪ್ಸಿನ ಹೂವು-ಹಸಿರು ವಾಸನೆ. ಸುರಿದ ತಕ್ಷಣ ಬೆಂಕಿಕಡ್ಡಿ ಗೀರಿದಂಥ ಗಂಧಕದ ಸುಳಿವು ಬಂದರೆ ಗಾಬರಿ ಬೇಡ. ಲಾಗರ್ ಯೀಸ್ಟಿನ ಸಹಜ ಗುಣ ಅದು, ಎರಡು ನಿಮಿಷದಲ್ಲಿ ಹಾರಿಹೋಗುತ್ತದೆ.

ಬಾಯಿಗೆ ಬಂದಾಗ ಮೊದಲ ಗುಟುಕು ಸಿಹಿ ಎನ್ನಿಸುತ್ತದೆ. ಇಲ್ಲೇ ನಿಂತು ತೀರ್ಪು ಕೊಡಬಾರದು. ಗುಟುಕನ್ನು ಬಾಯಲ್ಲಿ ಎರಡು ಸೆಕೆಂಡು ಇಟ್ಟು ನುಂಗಿ, ತುಟಿಗೆ ತುಟಿ ತಾಗಿಸಿ ನೋಡಿ. ಅಂಟಿದರೆ ಬಿಯರಿನಲ್ಲಿ ಸಕ್ಕರೆ ಉಳಿದಿದೆ. ಆಯಿಂಗರ್‌ನಲ್ಲಿ ಅಂಟುವುದಿಲ್ಲ. ನಾಲಿಗೆಯ ನಡುವಿನಲ್ಲಿ ಧಾನ್ಯದ ತುಂಬುತನ, ಬದಿಗಳಲ್ಲಿ ತುಂಬ ಮೆದುವಾದ ಕಹಿ, ನುಂಗಿದ ಮೇಲೆ ಬಾಯಿ ಒಣಗಿ ಮತ್ತೊಂದು ಗುಟುಕು ಕೇಳುತ್ತದೆ. ಗಂಟಲಿನಲ್ಲಿ ಅರೆಕ್ಷಣ ಬೆಚ್ಚಗೆ, ಉರಿ ಇಲ್ಲ. ಮಾಲ್ಟಿನ ರುಚಿಯೇ ಬೇರೆ, ಸಕ್ಕರೆಯ ಸಿಹಿಯೇ ಬೇರೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ಸುಲಭಕ್ಕೆ ಸಿಗದು. ಪೌಲಾನರ್ ಮೆರ್ಟ್ಸೆನ್ ಪಕ್ಕದಲ್ಲಿಟ್ಟು ಕುಡಿದರೆ ಅದು ಒಂದು ಹೆಜ್ಜೆ ಟಾಫಿಯ ಕಡೆಗೆ ವಾಲುತ್ತದೆ. ಕೆಟ್ಟದ್ದೇನಲ್ಲ, ಎರಡನೇ ಗ್ಲಾಸಿಗೆ ಸ್ವಲ್ಪ ಭಾರ.

ಈ ಘಮ ಎಲ್ಲಿಂದ ಬರುತ್ತದೆ ಎಂಬುದು ಮನೆಯಲ್ಲಿ ರಾಗಿಸರಿ ಮಾಡಿದವರಿಗೆ ಅರ್ಧ ಗೊತ್ತಿರುತ್ತದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಬೀಸಿದರೆ ಅದು ಮಾಲ್ಟೇ. ಮೊಳಕೆಯೊಡೆಯುವಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಮೊಳಕೆ ಹಿಟ್ಟಿನ ಗಂಜಿ ಸಾದಾ ರಾಗಿಗಂಜಿಗಿಂತ ನೀರಾಗುವುದು ಇದೇ ಕಾರಣಕ್ಕೆ. ಬಾರ್ಲಿಗೂ ಇದೇ ಕ್ರಮ. ವ್ಯತ್ಯಾಸವಿರುವುದು ಒಣಗಿಸುವ ಬಿಸಿಯಲ್ಲಿ. ಸಾದಾ ಪಿಲ್ಸ್‌ನರ್ ಮಾಲ್ಟನ್ನು ಕೊನೆಗೆ ಸುಮಾರು 80 ಡಿಗ್ರಿಯಲ್ಲಿ ಒಣಗಿಸಿದರೆ, ಮೆರ್ಟ್ಸೆನ್ನಿಗೆ ಬೆನ್ನೆಲುಬಾದ ಮ್ಯೂನಿಕ್ ಮಾಲ್ಟನ್ನು 100 ಡಿಗ್ರಿಯ ಆಸುಪಾಸಿಗೆ ಒಯ್ಯುತ್ತಾರೆ. ಆಗ ನಡೆಯುವುದು ದೋಸೆಯ ತಳ ಕೆಂಪಗಾಗುವಾಗ ನಡೆಯುವ ಕ್ರಿಯೆಯೇ. ಬವೇರಿಯದ ಹಳೆಯ ಪದ್ಧತಿಯಲ್ಲಿ ಇದರ ಮೇಲೆ, ಮಾಲ್ಟನ್ನು ಬಿಸಿನೀರಿನಲ್ಲಿ ಕಲಸಿದ ಗಂಜಿಯ ಸುಮಾರು ಮೂರನೇ ಒಂದು ಭಾಗವನ್ನು ಬೇರೆ ಪಾತ್ರೆಗೆ ತೆಗೆದು ಕುದಿಸಿ ಮತ್ತೆ ಬೆರೆಸುತ್ತಾರೆ. ಕುದಿದ ಭಾಗ ಒಟ್ಟು ಬಿಸಿಯನ್ನು ಏರಿಸುವುದರ ಜೊತೆಗೆ ರುಚಿಯನ್ನೂ ಗಾಢ ಮಾಡುತ್ತದೆ.

ಬಣ್ಣವನ್ನು ಅಡ್ಡದಾರಿಯಲ್ಲೂ ತರಬಹುದು. ತಿಳಿ ಮಾಲ್ಟಿಗೆ ಶೇ. 10–15 ಕ್ಯಾರಮೆಲ್ ಮಾಲ್ಟ್ ಬೆರೆಸಿದರೆ ಥೇಟ್ ಇದೇ ತಾಮ್ರದ ಬಣ್ಣ ಬರುತ್ತದೆ, ಬಾಯಲ್ಲಿ ಮಾತ್ರ ಸುಟ್ಟ ಸಕ್ಕರೆಯ ಪಾಕ. ಅಗ್ಗದ ‘ಅಕ್ಟೋಬರ್‌ಫೆಸ್ಟ್’ಗಳು ಎರಡನೇ ಗ್ಲಾಸಿಗೆ ಮುಖ ಹೊಡೆಯುವುದು ಹೀಗೆ. ನಮ್ಮ ‘ಸ್ಟ್ರಾಂಗ್’ ಬಿಯರ್ ಇನ್ನೊಂದು ತುದಿ. ನಮ್ಮ ನಿಯಮದಂತೆ ಶೇ. 5 ದಾಟಿ 8ರವರೆಗೆ ಇದ್ದರೆ ಅದು ಸ್ಟ್ರಾಂಗ್, ಆ ಲೆಕ್ಕದಲ್ಲಿ ಮೆರ್ಟ್ಸೆನ್ ಕೂಡ ಸ್ಟ್ರಾಂಗೇ. ಆದರೆ ಅಕ್ಕಿ, ಮೆಕ್ಕೆಜೋಳ ಅಥವಾ ಸಕ್ಕರೆ ಸೇರಿಸಿ ಆಲ್ಕೋಹಾಲ್ ಏರಿಸಿದರೆ ಕಿಕ್ ಬರುತ್ತದೆ, ಧಾನ್ಯದ ರುಚಿ ಬರುವುದಿಲ್ಲ. ಇಲ್ಲಿ ಆಲ್ಕೋಹಾಲೂ ರುಚಿಯೂ ಒಂದೇ ಬಾರ್ಲಿಯಿಂದ ಬರುತ್ತವೆ.

ಅರ್ಧ ಗ್ಲಾಸು ಮುಗಿದ ಮೇಲೆ ಬೇಕೆಂದೇ ಹತ್ತು ನಿಮಿಷ ಬಿಟ್ಟು ಮತ್ತೆ ಮೂಸಿ ನೋಡಿ. 12 ಡಿಗ್ರಿ ದಾಟಿದ ಮೇಲೆ ಬಿಯರ್ ಸುಳ್ಳು ಹೇಳಲಾರದು. ನೆನೆದ ರಟ್ಟಿನ ವಾಸನೆ ಬಂದರೆ ಅದು ಹಳಸಿದೆ ಅಥವಾ ಸಾಗಣೆಯಲ್ಲಿ ಬಿಸಿ ತಿಂದಿದೆ, ತಯಾರಿಸಿದವರ ತಪ್ಪಲ್ಲ. ಪಾಪ್‌ಕಾರ್ನ್ ಬೆಣ್ಣೆಯ ವಾಸನೆ, ನಾಲಿಗೆ ಮೇಲೆ ಜಾರುವಂಥ ಜಿಡ್ಡು ಇದ್ದರೆ ತಪ್ಪು ತಯಾರಿಸಿದವರದೇ: ಯೀಸ್ಟ್ ತಾನು ಬಿಟ್ಟ ಡೈಅಸಿಟೈಲ್ ಎಂಬ ಬೆಣ್ಣೆವಾಸನೆಯ ವಸ್ತುವನ್ನು ತಾನೇ ಹೀರಿಕೊಳ್ಳುವ ಮುಂಚೆ ತಣ್ಣಗೆ ಮಾಡಿಬಿಟ್ಟಿದ್ದಾರೆ. ಹುದುಗುವಿಕೆ ಮುಗಿಯುವ ಹೊತ್ತಿಗೆ 15–18 ಡಿಗ್ರಿಯಲ್ಲಿ ಎರಡು-ಮೂರು ದಿನ ಬಿಟ್ಟಿದ್ದರೆ ಇದು ಹೋಗುತ್ತಿತ್ತು. ಬೇಯಿಸಿದ ಜೋಳದ ವಾಸನೆಗೆ ಕಾರಣ ಕುದಿತ ಸಾಲದಿರುವುದು ಅಥವಾ ಮುಚ್ಚಳ ಹಾಕಿ ಕುದಿಸಿದ್ದು. ಹಸಿ ಸೇಬಿನ ವಾಸನೆ ಬಂದರೆ ಬಿಯರ್ ಇನ್ನೂ ಎಳೆಯದು. ಆಯಿಂಗರ್ ಬಾಟಲಿ ತಾಜಾ ಇದ್ದರೆ ಈ ಹಂತದಲ್ಲಿ ಬನ್ನಿನ ಘಮ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ.

ಕರ್ನಾಟಕದಲ್ಲಿ ಸುಲಭಕ್ಕೆ ಸಿಗುವ ಬಾಟಲಿ ಇದಲ್ಲ. ಬೆಂಗಳೂರಿನ ಮೈಕ್ರೋಬ್ರುವರಿಗಳಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಈ ಶೈಲಿಯದು ಕಂಡರೆ ಎರಡು ಪ್ರಶ್ನೆ ಕೇಳಿ: ಮ್ಯೂನಿಕ್ ಮಾಲ್ಟ್ ಎಷ್ಟು ಪಾಲು, ಹುದುಗಿದ ಮೇಲೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಎಷ್ಟು ವಾರ ಇಟ್ಟಿದ್ದೀರಿ? ಆರು ವಾರ ಎಂದರೆ ಧೈರ್ಯವಾಗಿ ಪೂರ್ತಿ ಗ್ಲಾಸು ಹೇಳಿ. ಒಂದು ಟ್ಯಾಂಕಿನಲ್ಲಿ ಲಾಗರ್ ಮಲಗಿರುವಷ್ಟು ದಿನದಲ್ಲಿ ಎರಡು-ಮೂರು ಸರದಿ ಗೋಧಿ ಬಿಯರ್ ಮಾಡಿ ಮಾರಬಹುದು. ಹಾಗಾಗಿ ಟ್ಯಾಂಕು ಕಡಿಮೆ ಇರುವ ಕಡೆ ಮೊದಲು ಕತ್ತರಿ ಬೀಳುವುದು ಈ ವಾರಗಳಿಗೇ. ಉತ್ತರ ತಡವರಿಸಿದರೆ ಮೊದಲು ಸ್ಯಾಂಪಲ್ ಕೇಳಿ.

ಜೊತೆಗೆ ತಿನ್ನಲು ಬವೇರಿಯದವರು ಇಡಿಯಾಗಿ ಹುರಿದ ಕೋಳಿ, ಉಪ್ಪು ಹರಳಿನ ಪ್ರೆಟ್ಜೆಲ್ ಇಡುತ್ತಾರೆ. ನಮ್ಮ ಕಡೆಯದರಲ್ಲಿ ಕುಂದಾಪುರದ ಚಿಕನ್ ಘೀ ರೋಸ್ಟ್ ಇದಕ್ಕೆ ಹೇಳಿ ಮಾಡಿಸಿದ್ದು: ಬ್ಯಾಡಗಿ ಮೆಣಸಿನಲ್ಲಿ ಬಣ್ಣ ಜಾಸ್ತಿ, ಖಾರ ಕಮ್ಮಿ, ಹುರಿದ ಮಸಾಲೆ ಹುರಿದ ಮಾಲ್ಟಿಗೆ ಕೂಡುತ್ತದೆ, ತುಪ್ಪದ ಜಿಡ್ಡನ್ನು ಬಿಯರಿನ ಗ್ಯಾಸ್ ತೊಳೆಯುತ್ತದೆ. ಕೊಡಗಿನ ಪಂದಿ ಕರಿ ಕೂಡ ಚೆನ್ನ, ಕಾಚಂಪುಳಿ ಕೈ ಮೀರಿರಬಾರದು, ಹುಳಿ ಹೆಚ್ಚಾದರೆ ಬಿಯರ್ ಸಪ್ಪೆಯಾಗುತ್ತದೆ. ಗುಂಟೂರು ಮೆಣಸಿನ ಖಾರದ ಜೊತೆ ಬೇಡ. ಗ್ಯಾಸೂ ಆಲ್ಕೋಹಾಲೂ ಸೇರಿ ಉರಿಯನ್ನು ಇಮ್ಮಡಿ ಮಾಡುತ್ತವೆ, ಮಾಲ್ಟ್ ಪತ್ತೆಯೇ ಇರುವುದಿಲ್ಲ.

ಸಲೀಸಾಗಿ ಇಳಿಯುವ ಬಿಯರ್ ಆದ್ದರಿಂದ ಲೆಕ್ಕ ತಪ್ಪುವುದು ಸುಲಭ. 500 ಮಿಲಿಯಲ್ಲಿ ಶೇ. 5.8 ಎಂದರೆ 29 ಮಿಲಿ ಶುದ್ಧ ಆಲ್ಕೋಹಾಲ್. ನಮ್ಮಲ್ಲಿ ಶೇ. 42.8ರ ವಿಸ್ಕಿಯ 30 ಮಿಲಿ ಪೆಗ್ಗಿನಲ್ಲಿರುವುದು 13 ಮಿಲಿಗೆ ತುಸು ಕಮ್ಮಿ. ಅಂದರೆ ಒಂದು ಬಾಟಲಿ ಎರಡು ಸಣ್ಣ ಪೆಗ್ಗಿಗಿಂತ ಜಾಸ್ತಿಯೇ. ಗಾಡಿ ಮನೆಯಲ್ಲೇ ಇರಲಿ. ಎರಡು ಬಾಟಲಿ ತಂದಿದ್ದರೆ ಉಳಿದದ್ದನ್ನು ಮಲಗಿಸದೆ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ, ದೀಪಾವಳಿಯೊಳಗೆ ಮುಗಿಸಿ.